ಬೇಸಿಗೆಗೆ ಮೊದಲೇ ಹೊತ್ತುವ ಕಾಡು, ಮಾರ್ಚ್‌ಗೆ ಕಾಯುವ ಮುನ್ನೋಟ

ಗ್ರಾಮ ಪಂಚಾಯಿತಿ ಮಟ್ಟದ ಹವಾಮಾನ ಮುನ್ಸೂಚನೆ 2024ರ ಅಕ್ಟೋಬರ್‌ನಲ್ಲಿ ಬಂತು. 2025ರ ಮೇ ತಿಂಗಳಲ್ಲಿ ಆರು ಕಿ.ಮೀ. ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಕೂಡ ಬಂತು. ಎರಡಕ್ಕೂ ಚಪ್ಪಾಳೆ ತಟ್ಟಿದ್ದಾಯಿತು. ಇನ್ನು ಒಂದು ಮಾತನ್ನು ನೇರವಾಗಿ ಹೇಳಬೇಕು: ಕಾಡ್ಗಿಚ್ಚಿನ ಮಟ್ಟಿಗೆ ನಾವು ತಪ್ಪು ಅಂಕಿಯನ್ನು ನೋಡುತ್ತಿದ್ದೇವೆ, ಅದನ್ನೂ ತಪ್ಪು ತಿಂಗಳಲ್ಲಿ ನೋಡುತ್ತಿದ್ದೇವೆ. ಚೌಕ ಆರರಿಂದ ಮೂರು ಕಿ.ಮೀ.ಗೆ ಇಳಿದರೂ ಈ ತಪ್ಪು ತಿದ್ದಿಹೋಗುವುದಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ಹವಾಮಾನ ಇಲಾಖೆಯ ಬೇಸಿಗೆ ಮುನ್ನೋಟ ಹೊರಬೀಳುತ್ತದೆ. ಅಂಕಣಕಾರರೆಲ್ಲ ಮುಗಿಬೀಳುವುದು ಒಂದೇ ಪ್ರಶ್ನೆಗೆ: ಈ ಸಲ ಬಿಸಿಗಾಳಿ ಎಷ್ಟು ದಿನ? ಪಾದರಸ ನಲವತ್ತು ದಾಟುತ್ತದೆಯೇ? ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಿಸಿಕೊಳ್ಳಲು ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಲೇಬೇಕು. ಈ ಗೆರೆ ಎಳೆದಿರುವುದು ಮನುಷ್ಯನ ಮೈಗೆ. ಒಣಹುಲ್ಲಿಗೆ ಆ ಗೆರೆ ಗೊತ್ತಿಲ್ಲ.

ದಾಖಲೆ ಬೇಕಿದ್ದರೆ ಮೂರು ಫೆಬ್ರವರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರ ದಿನಗಟ್ಟಲೆ ಉರಿಯಿತು. ಲಂಟಾನ ಪೊದೆಗೆ ಹತ್ತಿ ಗಾಳಿಗೆ ಹಬ್ಬಿದ ಬೆಂಕಿಗೆ ಸೊಪ್ಪಿನ ಬಡಿಗೆ ಸಾಲದೆ, ವಾಯುಪಡೆಯ ಹೆಲಿಕಾಪ್ಟರ್ ನೀರು ಹೊತ್ತು ಬರಬೇಕಾಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ಭಾಗದ ಕಾಡಿನಲ್ಲಿ ಇನ್ನೊಬ್ಬ ಅರಣ್ಯ ರಕ್ಷಕರ ಜೀವ ಹೋಯಿತು. ಮೂರೂ ಸಲ ಬೇಸಿಗೆಯ ಮುನ್ನೋಟ ಇನ್ನೂ ಬಂದಿರಲಿಲ್ಲ. ಏಕೆಂದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ–ಫೆಬ್ರವರಿ ಎಂದರೆ ಚಳಿಗಾಲ! ಕಾಗದದ ಮೇಲೆ ನಮ್ಮ ಕಾಡು ಚಳಿಗಾಲದಲ್ಲಿ ಹೊತ್ತಿ ಉರಿದಿದೆ.

ಇದು ನಮ್ಮೊಬ್ಬರದೇ ಕಥೆಯಲ್ಲ. 2025ರ ಜನವರಿ 7ರಂದು ಲಾಸ್ ಏಂಜಲೀಸ್ ಹೊತ್ತಿಕೊಂಡಾಗ ಅಲ್ಲಿಯೂ ಚಳಿಗಾಲವೇ. ವ್ಯತ್ಯಾಸವಿಷ್ಟೆ: ಅಲ್ಲಿನ ಹವಾಮಾನ ಸಂಸ್ಥೆ ಬೆಂಕಿ ಬೀಳುವ ಮೊದಲೇ ಕೆಂಪು ಬಾವುಟದ ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆ ನಿಂತಿರುವುದು ಮುಖ್ಯವಾಗಿ ಎರಡು ಅಂಕಿಗಳ ಮೇಲೆ, ಗಾಳಿಯ ವೇಗ ಮತ್ತು ಗಾಳಿಯ ತೇವಾಂಶ. ಅಷ್ಟಾದರೂ ಊರಿಗೆ ಊರೇ ಸುಟ್ಟಿತು ನಿಜ. ಆದರೆ ಅಪಾಯವಿದೆ ಎಂಬುದು ಹೊಗೆ ಕಂಡಮೇಲೆ ಹೊಳೆದ ಮಾತಾಗಿರಲಿಲ್ಲ.

ಯಾರೂ ಗಮನಿಸದ ಅಂಕಿ ಇದೇ: ಮಧ್ಯಾಹ್ನದ ತೇವಾಂಶ. ಮಾಘ ಕಳೆಯುವ ಹೊತ್ತಿಗೆ ದಾವಣಗೆರೆ, ಜಗಳೂರು, ಚಿತ್ರದುರ್ಗದ ಕಡೆ ಮೂಡಲಗಾಳಿ ಒಣಗಿ ಬೀಸುತ್ತದೆ. ಬೆಳಿಗ್ಗೆ ತಣ್ಣಗಿರುತ್ತದೆ, ಹುಲ್ಲಿನ ಮೇಲೆ ಇಬ್ಬನಿಯೂ ಇರಬಹುದು. ಮಧ್ಯಾಹ್ನ ಮೂರಕ್ಕೆ ಉಷ್ಣಾಂಶ ಮೂವತ್ತನಾಲ್ಕೋ ಮೂವತ್ತೈದೋ ಆಗಿರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಅದೇ ಹೊತ್ತಿಗೆ ತೇವಾಂಶ ಶೇ 30ರ ಕೆಳಗಿಳಿಯುವುದು ಇಲ್ಲಿ ಅಪರೂಪವಲ್ಲ. ಸತ್ತ ಹುಲ್ಲು ತನ್ನ ಸುತ್ತಲ ಗಾಳಿಯೊಂದಿಗೆ ಗಂಟೆಗಳ ಲೆಕ್ಕದಲ್ಲಿ ಹೊಂದಿಕೊಂಡುಬಿಡುತ್ತದೆ. ಗಾಳಿಯ ತೇವಾಂಶ ಶೇ 60 ಇದ್ದಾಗ ಹುಲ್ಲಿನಲ್ಲಿ ಶೇ 10ರ ಆಸುಪಾಸು ನೀರಿದ್ದರೆ, ಗಾಳಿ ಶೇ 20ಕ್ಕಿಳಿದಾಗ ಅದು ಐದರ ಹತ್ತಿರ ಬರುತ್ತದೆ. ಬೆಳಿಗ್ಗೆ ಬೀಡಿ ತುಂಡು ಬಿದ್ದರೂ ಕರಿಕಾಗಿ ಆರುವ ಹುಲ್ಲು ಮಧ್ಯಾಹ್ನ ಗುಡ್ಡವನ್ನೇ ಹೊತ್ತಿಸುತ್ತದೆ.

ಈ ಮಾತು ದಾವಣಗೆರೆಗೆ ಅರ್ಥವಾಗುವಷ್ಟು ಬೇರೆ ಊರಿಗೆ ಆಗಲಿಕ್ಕಿಲ್ಲ. ಇಲ್ಲಿ ಮೆಕ್ಕೆಜೋಳದ ಚೀಲ ಮಾರುಕಟ್ಟೆಗೆ ಬಂದರೆ ಮೊದಲು ಒಳಗಿಳಿಯುವುದು ತೇವಾಂಶ ಅಳೆಯುವ ಯಂತ್ರ. ಬೆಂಬಲ ಬೆಲೆಗೆ ಶೇ 14 ಗಡಿ; ಹದಿನೇಳು, ಹದಿನೆಂಟು ಬಂತೆಂದರೆ ರೇಟು ಮುರಿಯುತ್ತಾರೆ. ಹಸಿ ಕಾಳು ಒಣಗಲೆಂದು ರಸ್ತೆ ಬದಿಯಲ್ಲೇ ಹರವಿ, ಅದನ್ನು ಕಾಲಲ್ಲಿ ತಿರುವಿಹಾಕುತ್ತ ರೈತ ಗಾಳಿ ನೋಡುತ್ತಾನೆ, ಥರ್ಮಾಮೀಟರ್ ನೋಡುವುದಿಲ್ಲ. ಕಾಳಿಗೆ ಕೇಳುವ ಪ್ರಶ್ನೆಯನ್ನೇ ಗುಡ್ಡದ ಹುಲ್ಲಿಗೆ ಕೇಳಿ ಎಂದರೆ ಅಧಿಕಾರಿಗಳಿಗೆ ಅದೇನೋ ರಾಕೆಟ್ ವಿಜ್ಞಾನ.

ಉಪಕರಣ ಇಲ್ಲ ಎನ್ನುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಮಳೆ, ಉಷ್ಣಾಂಶದ ಜೊತೆಗೆ ತೇವಾಂಶವನ್ನೂ ಗಾಳಿಯನ್ನೂ ಹದಿನೈದು ನಿಮಿಷಕ್ಕೊಮ್ಮೆ ಕಳಿಸುತ್ತವೆ. ದೇಶದಲ್ಲಿ ಹೆಚ್ಚು ರಾಜ್ಯಗಳಿಗೆ ಇಲ್ಲದ ಸೌಲಭ್ಯ ಇದು. ಪಂಚಾಯಿತಿ ಮುನ್ಸೂಚನೆಯಲ್ಲೂ ತೇವಾಂಶದ ಅಂಕಿ ಇದೆ. ಭಾರತೀಯ ಅರಣ್ಯ ಸಮೀಕ್ಷೆಯ ಉಪಗ್ರಹ ಸಂದೇಶಗಳು ಇಲಾಖೆಗೆ ಬರುತ್ತವೆ, ಆದರೆ 375 ಮೀಟರ್ ಚುಕ್ಕೆಯಲ್ಲಿ ಬೆಂಕಿ ಕಂಡಿತು ಎಂದರೆ ಬೆಂಕಿ ಬಿದ್ದಾಗಿದೆ ಎಂದರ್ಥ. ಅದಕ್ಕೂ ಮೊದಲೇ ಅಪಾಯದ ಅಂದಾಜನ್ನು ಸಮೀಕ್ಷೆ ಕೊಡುತ್ತದೆ. ಅದು ಇಲಾಖೆಯ ಕಂಪ್ಯೂಟರಿನಿಂದ ಇಳಿದು, ಬದುವಿಗೆ ಬೆಂಕಿ ಇಡಲು ಹೊರಟ ರೈತನವರೆಗೆ ಬರಬೇಕಲ್ಲ? ನಮ್ಮ ಕಾಡಿನ ಬೆಂಕಿಯ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟುವುದು. ಹೀಗಾಗಿ ಎಚ್ಚರಿಕೆ ತಲುಪಬೇಕಾದದ್ದು ಆ ಕೈಗೆ.

ದಿನವೂ ಎಚ್ಚರಿಕೆ ಕೊಟ್ಟರೆ ಜನ ಕಿವಿಗೊಡುವುದಿಲ್ಲ ಎಂಬ ವಾದವಿದೆ. ಒಪ್ಪೋಣ. ಅದಕ್ಕೇ ತೇವಾಂಶ ಒಂದನ್ನೇ ನೋಡಬಾರದು. ತೇವಾಂಶ ಕುಸಿದು, ಗಾಳಿಯೂ ಬಿರುಸಾದ ದಿನಗಳಿಗೆ ಮಾತ್ರ ಎಚ್ಚರಿಕೆ ಮೀಸಲಿರಲಿ. ಅಂಥ ದಿನಗಳು ಋತುವಿಗೆ ಕೆಲವೇ. ಯಾವ ಊರಿನ ಮೇಲೆ ಗುಡುಗು ಮಳೆ ಬೀಳುತ್ತದೆಂದು ಹೇಳುವುದು ಹವಾಮಾನ ವಿಜ್ಞಾನದ ಅತಿ ಕಷ್ಟದ ಕೆಲಸ. ನಾಳಿದ್ದು ಒಣಗಾಳಿ ಜೋರಾಗುತ್ತದೆ ಎನ್ನುವುದು ಅದಕ್ಕಿಂತ ಎಷ್ಟೋ ಸುಲಭ. ನಾವು ಕಷ್ಟದ್ದನ್ನು ಕೇಳಿ ಬೈಯುತ್ತೇವೆ, ಸುಲಭದ್ದನ್ನು ಕೇಳುವುದೇ ಇಲ್ಲ.

ಗುಡುಗು ಮಳೆಗೂ ಇದೇ ಅಂಕಿ ಬೇಕು. ಅಶ್ವಿನಿ, ಭರಣಿ ಮಳೆಗೆ ಕಾಯುವ ಹೊತ್ತಿನಲ್ಲಿ ಕೆಳಗಿನ ಗಾಳಿ ಒಣಗಿದ್ದರೆ ಮೋಡದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಹಾಗೆ ತಣಿದ ಗಾಳಿ ಭಾರವಾಗಿ ಕುಸಿದು, ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಹರಿಹರದ ಸುತ್ತ ಕೊಯ್ಲಿಗೆ ಬಂದ ಬೇಸಿಗೆ ಭತ್ತವನ್ನು ಮಲಗಿಸುವುದು, ಚನ್ನಗಿರಿಯ ಬಾಳೆಯನ್ನು ಮುರಿಯುವುದು ಎಷ್ಟೋ ಸಲ ಮಳೆಗಿಂತ ಮುಂಚೆ ಬರುವ ಈ ಗಾಳಿಯೇ. ಗುಡ್ಡದಲ್ಲಿ ಅದಾಗಲೇ ಬೆಂಕಿ ಇದ್ದರೆ ಅದರ ದಿಕ್ಕು ನಿಮಿಷಗಳಲ್ಲಿ ತಿರುಗುತ್ತದೆ, ಆರಿಸಲು ನಿಂತವರ ಕಡೆಗೇ ತಿರುಗಬಹುದು. ‘ಸಂಜೆ ಮಳೆ ಬರುತ್ತಂತೆ, ಬೆಂಕಿ ತಾನೇ ಆರುತ್ತೆ’ ಎಂದು ಕೂರುವುದು ಒಣಮೋಡದ ದಿನ ಜೀವಕ್ಕೇ ಎರವಾಗುವ ಲೆಕ್ಕಾಚಾರ.

ಶ್ರಾವಣದ ಆನೆಕೊಂಡದ ಕಾರ್ಣಿಕವನ್ನೋ ಭರತ ಹುಣ್ಣಿಮೆಯ ಮೈಲಾರದ ಕಾರ್ಣಿಕವನ್ನೋ ಅರ್ಥೈಸಲು ಪತ್ರಿಕೆಗಳು ಕೊಡುವ ಜಾಗದಲ್ಲಿ ಕಾಲುಭಾಗ ಈ ಅಂಕಿಗೆ ಸಿಕ್ಕಿದ್ದರೂ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಹವಾಮಾನದ ಮೂಲೆಯಲ್ಲಿ ಗರಿಷ್ಠ, ಕನಿಷ್ಠ ಎಂದು ಎರಡು ಸಂಖ್ಯೆ ಅಚ್ಚಾಗುತ್ತವೆ. ಮೂರನೆಯದಕ್ಕೆ ಅರ್ಧ ಇಂಚು ಜಾಗ ಸಾಕು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ ಕಾಯ್ದಿಟ್ಟ 77 ಚದರ ಕಿ.ಮೀ. ಕುರುಚಲು ಕಾಡಿದೆ. ಅದರ ಅಂಚಿನ ಪಂಚಾಯಿತಿಗಳಿಂದಲೇ ಶುರುವಾಗಲಿ. ಒಣಗಾಳಿಯ ದಿನ ಎಂದು ಹಿಂದಿನ ಸಂಜೆಯೇ ಡಂಗುರ, ಆ ದಿನ ಬದು ಸುಡುವುದಕ್ಕೆ ತಡೆ, ಇಲಾಖೆಯ ಬೆಂಕಿ ರೇಖೆ ಸುಡುವ ಕೆಲಸಕ್ಕೂ ರಜೆ, ಕಾವಲುಗಾರರ ಪಾಳಿ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರಕ್ಕೆ. ಇದಕ್ಕೆ ಹೊಸ ಕಾನೂನು ಬೇಡ; 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಯೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು, ಅವರ ಒಂದು ಆದೇಶ ಸಾಕು. ಆದರೆ ಆ ಆದೇಶಕ್ಕೆ ಸಹಿ ಬೀಳಬೇಕಾದದ್ದು ಬೇಸಿಗೆ ಸಿದ್ಧತಾ ಸಭೆಯಲ್ಲಿ ಅಲ್ಲ, ಸಂಕ್ರಾಂತಿ ಕಳೆದ ವಾರದೊಳಗೆ.