ಹೌದು, ದುಡ್ಡು ತಗೋತೀನಿ

ಯುಗಾದಿಯ ಊಟಕ್ಕೆ ಇಂಗ್ಲೆಂಡಿನ ನಮ್ಮೂರ ಕನ್ನಡದವರೆಲ್ಲ ಸೇರಿದ್ದೆವು. ಹೋಳಿಗೆ ಬಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಕೆಲಸದ ಬಗ್ಗೆ ಕೇಳಿದರು. ಹೇಳಿದೆ. ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. “ಅಂದ್ರೆ, ಅಂಥವರನ್ನ ಮನೇಲಿ ಇಟ್ಕೊಳ್ಳೋಕೆ ದುಡ್ಡು ತಗೋತೀಯಾ?” ಪಕ್ಕದಲ್ಲಿದ್ದವರು ದನಿಗೂಡಿಸಿದರು: “ನಮ್ಮಲ್ಲಾದ್ರೆ ಮನೆಯವರೇ ನೋಡ್ಕೋತಾರೆ. ಇಲ್ಲಿ ಪ್ರೀತೀನೂ ಮಾರಾಟಕ್ಕೆ.”

ಅಂದು ಸುಮ್ಮನಿದ್ದೆ, ಹೋಳಿಗೆ ಚೆನ್ನಾಗಿತ್ತು. ಇವತ್ತು ಹೇಳುತ್ತೇನೆ.

ಈ ಕೆಲಸಕ್ಕೆ ಇಲ್ಲಿ ಶೇರ್ಡ್ ಲೈವ್ಸ್ ಅನ್ನುತ್ತಾರೆ. ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ, ಮರೆವಿನ ರೋಗ ಇತ್ಯಾದಿಗಳಿಂದ ಒಬ್ಬರೇ ಬದುಕುವುದು ಕಷ್ಟವಾದ ವಯಸ್ಕರು, ಆಶ್ರಯಧಾಮದ ಬದಲು ಒಂದು ಮನೆಯಲ್ಲಿ ಬಂದಿರುತ್ತಾರೆ. ಮೊದಲು ಆ ಮನೆಯವರನ್ನು ತಿಂಗಳುಗಟ್ಟಲೆ ಜಾಲಾಡುತ್ತಾರೆ: ಪೊಲೀಸ್ ದಾಖಲೆ, ಪರಿಚಿತರ ಅಭಿಪ್ರಾಯ, ತರಬೇತಿ, ಕೊನೆಗೊಂದು ಸಮಿತಿಯ ಒಪ್ಪಿಗೆ. ಆಮೇಲೆ ಚಹಾಕ್ಕೆ, ಊಟಕ್ಕೆ, ಒಂದು ರಾತ್ರಿ ತಂಗಲು ಬಂದು ನೋಡುತ್ತಾರೆ. ಒಂಥರಾ ಹೆಣ್ಣು ನೋಡುವ ಶಾಸ್ತ್ರ. ಆದರೆ ಬೇಡ ಅನ್ನುವ ಹಕ್ಕು ಎರಡೂ ಕಡೆ ಇದೆ. ನಮ್ಮ ಮನೆಗೆ ಬಂದವರಿಗೆ ಐವತ್ತು ದಾಟಿದೆ. ಊರಿನ ಬಸ್ ನಂಬರುಗಳೆಲ್ಲ ಬಾಯಿಪಾಠ, ಚಿಲ್ಲರೆ ಎಣಿಸಲು ಬರುವುದಿಲ್ಲ. ನನ್ನ ಸಾರು ಅವರಿಗೆ ಸೇರುವುದಿಲ್ಲ.

ಇನ್ನು ‘ಮನೆಯವರೇ ನೋಡ್ಕೋತಾರೆ’ ಎಂಬ ಮಾತು. ಮನೆಯವರು ಅಂದರೆ ಯಾರು? ನಮ್ಮ ಮನೆಯಲ್ಲಿ ಅದು ನನ್ನ ದೊಡ್ಡಮ್ಮ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವರಿಗೆ ಗಂಡನ ಜೊತೆಗೆ ಬುದ್ಧಿ ಸ್ಥಿಮಿತವಿಲ್ಲದ ಮೈದುನನೂ ಸಿಕ್ಕ. ಮೂವತ್ತು ವರ್ಷ ಅವನಿಗೆ ಉಣಿಸಿದರು, ಮೀಯಿಸಿದರು, ಬಟ್ಟೆ ಒಗೆದರು. ತಂಗಿಯ ಮದುವೆಗೂ ಹೋಗಲಾಗಲಿಲ್ಲ. ‘ನಿನಗೆ ಒಪ್ಪಿಗೆಯಾ’ ಎಂದು ಅವರನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪನನ್ನಂತೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಕೊಟ್ಟಿಗೆ ಪಕ್ಕದ ಅವನ ಕೋಣೆಗೆ ಚಿಲಕ ಇದ್ದದ್ದು ಹೊರಗಡೆ. ಅದನ್ನು ನಾವೆಲ್ಲ ಪ್ರೀತಿ ಅಂತಲೇ ಕರೆದೆವು. ಪುಕ್ಕಟೆ ಅಲ್ಲವೇ? ಅದರ ಬೆಲೆಯನ್ನು ಒಬ್ಬಳು ಹೆಂಗಸು ತೆತ್ತಿದ್ದರಿಂದ ಉಳಿದವರಿಗೆ ಪುಕ್ಕಟೆ ಅನ್ನಿಸಿತು. ನೋಡಿಕೊಳ್ಳಲಾಗದ ಮನೆಯವರು ಏನು ಮಾಡುತ್ತಾರೆ ಎಂಬುದನ್ನು 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿ ತೋರಿಸಿತು. ದರ್ಗಾದ ಆಸರೆಯಲ್ಲಿ ಬಿಟ್ಟುಹೋಗಿದ್ದ ರೋಗಿಗಳು ಸಂಕೋಲೆಯಲ್ಲಿದ್ದಂತೆಯೇ ಬೆಂಕಿಗೆ ಸಿಕ್ಕರು. ಸತ್ತವರು 28 ಮಂದಿ.

ದುಡ್ಡಿನಿಂದ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಅವಮಾನ ಹೇಳುತ್ತೇನೆ. ಕೆಲವು ತಿಂಗಳಿಗೊಮ್ಮೆ ಯೋಜನೆಯ ಅಧಿಕಾರಿ ಬಂದು ಅವರ ಜೊತೆ ಪ್ರತ್ಯೇಕವಾಗಿ ಮಾತಾಡುತ್ತಾರೆ. ಒಮ್ಮೆ ಅವರು ದೂರು ಕೊಟ್ಟರು: ‘ಬಾಗಿಲು ತಟ್ಟದೆ ಒಳಗೆ ಬರ್ತಾಳೆ.’ ಕಡತದಲ್ಲಿ ದಾಖಲಾಯಿತು. ಎಷ್ಟು ಸಿಟ್ಟು ಬಂತು! ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಕೃತಜ್ಞತೆ? ರಾತ್ರಿ ಪಾತ್ರೆ ತೊಳೆಯುವಾಗ ಚಿಕ್ಕಪ್ಪ ನೆನಪಾದ. ಅವನ ಬಾಗಿಲನ್ನು ನಾವು ಯಾರೂ ತಟ್ಟಿದ್ದಿಲ್ಲ. ಋಣದ ಅನ್ನ ಉಣ್ಣುವವನು ಯಾರಿಗೆ ದೂರು ಕೊಡಬೇಕು? ನಮ್ಮ ಮನೆಯಲ್ಲಿರುವವರಿಗೆ ನನ್ನ ಋಣವಿಲ್ಲ. ಈಗ ತಟ್ಟುತ್ತೇನೆ. ಎಷ್ಟೋ ಸಲ ‘ಈಗ ಬೇಡ’ ಅನ್ನುತ್ತಾರೆ.

ದುಡ್ಡು ಬಂದರೆ ಪ್ರೀತಿ ಹೋಗುತ್ತದೆ ಅನ್ನುವವರು ಬೆಲ್ಜಿಯಮ್ಮಿನ ಗೀಲ್ ಪಟ್ಟಣ ನೋಡಬೇಕು. ಸಂತ ಡಿಂಫ್ನಾಳ ಹೆಸರಲ್ಲಿ ಗುಣ ಬಯಸಿ ಬರುತ್ತಿದ್ದ ಮನೋರೋಗಿಗಳಿಗೆ ಅಲ್ಲಿನ ಕುಟುಂಬಗಳು ಶತಮಾನಗಳಿಂದ ಮನೆಯಲ್ಲಿ ಜಾಗ ಕೊಡುತ್ತಿವೆ. 1850ರಲ್ಲಿ ಸರಕಾರ ಇದರ ಹೊಣೆ ಹೊತ್ತಿತು. 1930ರ ದಶಕದ ಕೊನೆಗೆ ಹೀಗೆ ಇದ್ದವರು 3,700ಕ್ಕೂ ಹೆಚ್ಚು. ಕುಟುಂಬಗಳಿಗೆ ಹಣ ಸಿಗುತ್ತದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮಕ್ಕಳು ಅದೇ ಅತಿಥಿಯನ್ನು ಉಳಿಸಿಕೊಂಡ ಮನೆಗಳೂ ಅಲ್ಲಿವೆ.

ಹಾಗಂತ ಇಲ್ಲಿನ ವ್ಯವಸ್ಥೆಗೆ ನಾನು ಆರತಿ ಎತ್ತುತ್ತಿಲ್ಲ. ನಮ್ಮನ್ನು ಸ್ವಯಂ ಉದ್ಯೋಗಿಗಳು ಎಂದು ಎಣಿಸುವುದರಿಂದ ಕನಿಷ್ಠ ವೇತನದ ಕಾನೂನು ನಮಗೆ ತಾಗುವುದಿಲ್ಲ. ರಾತ್ರಿ ಎರಡಕ್ಕೆ ಎದ್ದರೂ ಗಂಟೆ ಲೆಕ್ಕವಿಲ್ಲ. ಸಭೆಯಲ್ಲಿ ಇದನ್ನೆತ್ತಿದರೆ ಸಿಗುವ ನಯವಾದ ಉತ್ತರ: “ಇದು ಕೆಲಸವಲ್ಲ, ಜೀವನಶೈಲಿ.” ಯುಗಾದಿಯ ಹಿರಿಯರಿಗೂ ಈ ಅಧಿಕಾರಿಗಳಿಗೂ ಎಂಥ ಹೊಂದಾಣಿಕೆ! ಇಬ್ಬರಿಗೂ ಬೇಕಾದದ್ದು ನನ್ನ ದೊಡ್ಡಮ್ಮನೇ.

ಮೊನ್ನೆ ಈ ವರ್ಷದ ದರದ ಪತ್ರ ಬಂತು. ಅಡಿಯಲ್ಲಿ ಒಂದು ಪುಟ್ಟ ಹೃದಯದ ಚಿತ್ರ, ಪಕ್ಕದಲ್ಲಿ ‘ನಿಮ್ಮ ಪ್ರೀತಿಗೆ ಧನ್ಯವಾದ’. ದರ ಹೋದ ವರ್ಷದ್ದೇ. ಉತ್ತರ ಬರೆಯುತ್ತಾ ಕೂತಿದ್ದೇನೆ. ಒಳಗಿನಿಂದ ಅವರು ಕೂಗಿ ಕೇಳುತ್ತಿದ್ದಾರೆ, ಇವತ್ತೂ ಸಾರೇನಾ ಅಂತ.