ಕೊರಗರ ಲೆಕ್ಕ ಕೊರಗರ ಕೈಗೆ ಬರಲಿ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ತೋಡಾರಿನಲ್ಲಿ ಯೆನೆಪೊಯ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜಿದೆ. ಡೇಟಾಕ್ಕೆ ಎಷ್ಟು ಬೆಲೆ ಎಂದು ಅಲ್ಲಿಯ ಹುಡುಗರಿಗೆ ಹೇಳಿಕೊಡಬೇಕಿಲ್ಲ. ಇದೇ ಸೀಮೆಯ ಕೊರಗ ಬುಡಕಟ್ಟಿನ ಕೊಪ್ಪಗಳಿಂದ, ಅಂದರೆ ಅವರ ಕೇರಿಗಳಿಂದ, ಆ ಬೆಲೆಬಾಳುವ ಸರಕು ನೂರೈವತ್ತು ವರ್ಷಗಳಿಂದ ಹೊರಗೆ ಸಾಗುತ್ತಲೇ ಇದೆ.

1875ರಲ್ಲಿ ವಾಲ್‌ಹೌಸ್ ಎಂಬ ಬ್ರಿಟಿಷ್ ಅಧಿಕಾರಿ ಇವರನ್ನು ಎಲೆ ಉಡುವ ಬುಡಕಟ್ಟು ಎಂದು ಲಂಡನ್ನಿನ ವಿದ್ವಾಂಸರಿಗೆ ಪರಿಚಯಿಸಿದ. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ತನ್ನ ಏಳು ಸಂಪುಟಗಳಲ್ಲಿ ಇವರಿಗೂ ಜಾಗ ಕೊಟ್ಟ. 1971ರಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಒಳ್ಳೆಯ ಪುಸ್ತಕವೇ. ಈಗ ಡಿಎನ್‌ಎ ಸರದಿ. ಮಂಗಳೂರು ಮತ್ತು ಯೆನೆಪೊಯ ವಿಶ್ವವಿದ್ಯಾನಿಲಯಗಳ ಸಂಶೋಧಕರು ಕೊರಗರ ವಂಶವಾಹಿಯಲ್ಲಿ ಸುಮಾರು 4,400 ವರ್ಷ ಹಳೆಯ ಮೂಲದ್ರಾವಿಡ ಅಂಶವಿದೆ ಎಂದು 2024ರಲ್ಲಿ ತಿಳಿಸಿದರು. ಓದಿ ನಾವೆಲ್ಲ ಹೆಮ್ಮೆಪಟ್ಟೆವು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಇವರಿಗೆ ಉಗುರು, ಕೂದಲು ಬೆರೆಸಿದ ಅನ್ನ ಉಣ್ಣಿಸಿದ ನಾಡಿಗೆ, ಅದನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾದ ನಾಡಿಗೆ, ಅವರ ಪ್ರಾಚೀನತೆಯ ಮೇಲೆ ಎಂಥ ಪ್ರೀತಿ!

ಆ ಸಂಶೋಧಕರ ಮೇಲೆ ನನ್ನ ದೂರಿಲ್ಲ. ತಕರಾರು ಇರುವುದು ನಿಯಮದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಬುಡಕಟ್ಟು ಪ್ರದೇಶಕ್ಕೆ ಕಾಲಿಡುವ ಮೊದಲು ಜಿಲ್ಲಾಧಿಕಾರಿಯಂಥವರ ಅನುಮತಿ ಬೇಕು. ಹಿರಿಯರೊಡನೆ ಸಮಾಲೋಚಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯ ಸಹಿ ಮಾತ್ರ ಒಬ್ಬೊಬ್ಬರದು. 2023ರ ಡೇಟಾ ಸಂರಕ್ಷಣಾ ಕಾಯ್ದೆಗೂ ವ್ಯಕ್ತಿ ಕಾಣುತ್ತಾನೆ, ಸಮುದಾಯ ಕಾಣುವುದಿಲ್ಲ. ಸಂಶೋಧನೆಗೆ ಅದರಲ್ಲಿ ವಿನಾಯಿತಿ ಬೇರೆ. 2011ರ ಜನಗಣತಿಯಂತೆ ಕರ್ನಾಟಕದ ಕೊರಗರು ಹದಿನೈದು ಸಾವಿರವೂ ಇಲ್ಲ. ಇಷ್ಟು ಸಣ್ಣ ಜನಾಂಗದಲ್ಲಿ ಹತ್ತು ಮಂದಿಯ ರಕ್ತ ಉಳಿದವರ ಗುಟ್ಟನ್ನೂ ಹೇಳಿಬಿಡಬಹುದು.

ಇದು ಬರೀ ಭಯವಲ್ಲ, ಬೇರೆಡೆ ನಡೆದದ್ದೇ. ಅಮೆರಿಕದ ಹವಸುಪಾಯಿ ಬುಡಕಟ್ಟಿನ ಜನ ಸಕ್ಕರೆ ಕಾಯಿಲೆಯ ಅಧ್ಯಯನವೆಂದು ನಂಬಿ 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದವರಿಗೆ ರಕ್ತ ಕೊಟ್ಟರು. ಅದು ಸ್ಕಿಜೋಫ್ರೇನಿಯಾ, ಪೂರ್ವಜರ ವಲಸೆ ಎಂದೆಲ್ಲ ಬಳಕೆಯಾಯಿತು. ಕೋರ್ಟು ಹತ್ತಿದ ಮೇಲೆ, 2010ರಲ್ಲಿ, ಏಳು ಲಕ್ಷ ಡಾಲರ್ ಜತೆಗೆ ಉಳಿದ ರಕ್ತವೂ ವಾಪಸು ಬಂತು. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ಸಂಶೋಧಕರಿಗೆ ತಮ್ಮದೇ ನೀತಿಸಂಹಿತೆ ಬರೆದರು.

ನಮ್ಮಲ್ಲೂ ದಾರಿ ತೋರುವ ಒಂದು ವರದಿಯಿದೆ. ಪ್ರೊ. ಮಹಮ್ಮದ್ ಪೀರ್ ಅವರು 1994ರಲ್ಲಿ ಸರಕಾರಕ್ಕೆ ಕೊಟ್ಟ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದಿತು. ಕಪಾಟಿನಲ್ಲಿ ಧೂಳು ತಿನ್ನಬೇಕಿದ್ದ ಆ ಕಡತವನ್ನು ಕೊರಗ ಸಂಘಟನೆಗಳು ಬಾಯಿಪಾಠ ಮಾಡಿಕೊಂಡವು. ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ನಡೆಯುತ್ತದೆ. ಧರಣಿ ಕೂತಾಗಲೆಲ್ಲ ಪೀರ್ ವರದಿಯ ಹೆಸರು ಕೇಳುತ್ತದೆ. ತಮ್ಮ ಲೆಕ್ಕ ತಮ್ಮ ಕೈಗೆ ಸಿಕ್ಕಿದಾಗ ಅವರು ಅದನ್ನು ಎತ್ತಿಕೊಂಡು ಕಚೇರಿಯ ಬಾಗಿಲು ಬಡಿದರು. ಬಾಗಿಲು ಸರಿಯಾಗಿ ತೆರೆಯಲಿಲ್ಲ, ಅದು ಸರಕಾರದ ಪಾಪ.

ಕೊರಗರಲ್ಲಿ ಇಂದು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ಸಬಿತಾ ಗುಂಡ್ಮಿಯವರಂಥವರು ಇದ್ದಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಕಾಸರಗೋಡಿನಲ್ಲೂ ಕೆಲಸ ಮಾಡುವ ಕೊರಗ ಅಭಿವೃದ್ಧಿ ಸಂಘಗಳ ಒಕ್ಕೂಟವಿದೆ. ಹಾಗಾಗಿ ಕೇಳಲು ಯಾರಿದ್ದಾರೆ ಎಂಬ ನೆಪ ಇನ್ನು ನಡೆಯದು. ನಮ್ಮ ವಿಶ್ವವಿದ್ಯಾನಿಲಯಗಳು ಮೊದಲು ಒಕ್ಕೂಟದ ಲಿಖಿತ ಒಪ್ಪಿಗೆ ಕೇಳಲಿ. ಸಂಶೋಧನಾ ನೈತಿಕತೆಯ ಸಮಿತಿಯಲ್ಲಿ ಕೊರಗರೊಬ್ಬರನ್ನು ಕೂರಿಸಲಿ. ಮಾದರಿಗಳ ಮರುಬಳಕೆಗೆ ಮತ್ತೆ ಕೇಳಲಿ. ಫಲಿತಾಂಶವನ್ನು ಕನ್ನಡದಲ್ಲೋ ತುಳುವಿನಲ್ಲೋ ಕೊಪ್ಪದಲ್ಲಿ ಕೂತು ಹೇಳಲಿ. ಇದಕ್ಕೆ ದಿಲ್ಲಿಯ ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ, ಮಂಗಳೂರು ವಿಶ್ವವಿದ್ಯಾನಿಲಯದ ಮಂಗಳಗಂಗೋತ್ರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.