ಕಂಬಕ್ಕೂ ಕಿವಿಯುಂಟು

ಮಕ್ಕಳೇ, ‘ಗೋಡೆಗೂ ಕಿವಿಯುಂಟು’ ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೀರಿ. ಗೋಡೆಯ ಮಾತು ಹೇಗೋ ಏನೋ, ಕಬ್ಬಿಣದ ಕಂಬಕ್ಕಂತೂ ನಿಜವಾಗಿ ಕಿವಿಯುಂಟು. ಅದು ರೇಡಿಯೋ ಅಲೆಗಳನ್ನು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ಸುಮ್ಮನಿರದೆ ನಡುವೆ ಬಾಯಿಯನ್ನೂ ಹಾಕುತ್ತದೆ. ಈ ವಾರ ಅಂಥ ಕಂಬದ ಕಥೆ. ಅದಕ್ಕೆ ಮೊದಲು ಅಜ್ಜ-ಅಜ್ಜಿಯರ ನೆನಪಿನ ಸಹಾಯ ಬೇಕು.

1980ರ ದಶಕದಲ್ಲಿ ಟಿ.ವಿ. ಇದ್ದ ಮನೆಗಳ ತಾರಸಿಯ ಮೇಲೆ ಮೀನಿನ ಮುಳ್ಳಿನ ಆಕಾರದ ಅಲ್ಯೂಮಿನಿಯಂ ಆಂಟೆನಾ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ‘ರಾಮಾಯಣ’ ಶುರುವಾಗುವ ಹೊತ್ತಿಗೆ ಪರದೆಯ ತುಂಬ ಚುಕ್ಕೆಗಳು ಬಂದರೆ ಒಬ್ಬರು ಮೇಲೆ ಓಡಬೇಕು, ಕೊಳವೆ ಹಿಡಿದು ತಿರುಗಿಸಬೇಕು. ಕೆಳಗಿನಿಂದ ಇನ್ನೊಬ್ಬರು, “ಬಂತು, ಬಂತು... ಅಯ್ಯೋ, ಹೋಯ್ತು!” ಎಂದು ಕೂಗಬೇಕು. ನಿಮ್ಮ ಮನೆಯಲ್ಲಿ ಮೇಲೆ ಓಡುತ್ತಿದ್ದವರು ಯಾರು? ಈ ಸಂಜೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ.

ತಿರುಗಿಸುತ್ತಿದ್ದದ್ದು ಏಕೆಂದರೆ, ಆ ಆಂಟೆನಾ ಎಲ್ಲ ದಿಕ್ಕಿನ ಮಾತನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ತಾನು ಮುಖ ಮಾಡಿದ ಕಡೆಯದನ್ನು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದನ್ನು ಅಷ್ಟಾಗಿ ಕೇಳುವುದಿಲ್ಲ. ಕಿವಿಯ ಹಿಂದೆ ಅಂಗೈ ಮಡಚಿ ಹಿಡಿದು ಕೇಳುತ್ತೇವಲ್ಲ, ಹಾಗೆ. ಇದಕ್ಕೆ ಯಾಗಿ-ಉಡಾ ಆಂಟೆನಾ ಎಂದು ಹೆಸರು. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿದ್ದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಪ್ರಯೋಗಗಳ ಬಹುಪಾಲು ದುಡಿಮೆ ಉಡಾ ಅವರದು. ಆದರೆ 1928ರಲ್ಲಿ ಇಂಗ್ಲಿಷಿನಲ್ಲಿ ಲೇಖನ ಬರೆದವರು ಯಾಗಿ. ಹೀಗಾಗಿ ಹೊರಗಿನವರ ಬಾಯಲ್ಲಿ ಬರೀ ‘ಯಾಗಿ’ ಎಂಬ ಹೆಸರೇ ಉಳಿಯಿತು. ನಾವು ಇಬ್ಬರನ್ನೂ ನೆನೆಯೋಣ.

ಇದರ ರಚನೆ ಸರಳ. ಉದ್ದಕ್ಕೆ ಒಂದು ಬೆನ್ನುಮೂಳೆ, ಅದಕ್ಕೆ ಅಡ್ಡಡ್ಡ ಸರಳುಗಳು. ಒಂದು ಸರಳಿಗೆ ಮಾತ್ರ ಕೇಬಲ್ ಜೋಡಿಸಿರುತ್ತಾರೆ. ಅದರ ಹಿಂದೆ ಸ್ವಲ್ಪ ಉದ್ದದ ಸರಳು ಇರುತ್ತದೆ. ಅದು ಅಲೆಯನ್ನು ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್. ಮುಂದೆ ಸ್ವಲ್ಪ ಗಿಡ್ಡ ಸರಳುಗಳು. ಅವು ದಾರಿ ತೋರುವ ಡೈರೆಕ್ಟರ್‌ಗಳು. ಕೇಬಲ್ ಇಲ್ಲದ ಈ ಸರಳುಗಳು ಏನು ಮಾಡಿಯಾವು ಎಂದು ಕೇಳಬೇಡಿ. ಅಲೆ ಬಂದು ತಾಗಿದಾಗ ಅವುಗಳಲ್ಲೂ ವಿದ್ಯುತ್ತು ಹರಿದಾಡುತ್ತದೆ, ಅವೂ ಅಲೆಯನ್ನು ಮರಳಿ ಬೀರುತ್ತವೆ. ಉದ್ದ, ಅಂತರ ಎರಡೂ ಲೆಕ್ಕಕ್ಕೆ ಸರಿಯಾಗಿದ್ದರೆ ಎಲ್ಲವೂ ಸೇರಿ ಒಂದೇ ದಿಕ್ಕಿಗೆ ಬಲ ಕೊಡುತ್ತವೆ. ಭಜನೆಯಲ್ಲಿ ಎಲ್ಲರ ತಾಳವೂ ಕೂಡಿದಾಗ ಬರುವ ಬಲದಂತೆ.

ಈಗ ಹ್ಯಾಮ್ ರೇಡಿಯೋಗೆ ಬರೋಣ. ಸರ್ಕಾರದ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದು, ತಮ್ಮದೇ ರೇಡಿಯೋದಲ್ಲಿ ಊರೂರಿನವರೊಡನೆ ಮಾತಾಡುವ ಹವ್ಯಾಸಿಗಳು ಇವರು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಇವರಿಗೆ ಅಚ್ಚುಮೆಚ್ಚಿನದು 144ರಿಂದ 146 ಮೆಗಾಹರ್ಟ್ಸ್‌ನ ಪಟ್ಟಿ. ಅಲ್ಲಿ ಅಲೆಯ ಉದ್ದ ಸುಮಾರು 2 ಮೀಟರ್, ಯಾಗಿಯ ಸರಳುಗಳ ಉದ್ದ ಅದರ ಅರ್ಧ, ಅಂದರೆ ಸುಮಾರು 1 ಮೀಟರ್.

ಇಲ್ಲೊಂದು ಒಗಟಿದೆ. ಟಿ.ವಿ. ಆಂಟೆನಾವನ್ನು ನಡುವಿನಲ್ಲೇ ಕಬ್ಬಿಣದ ಕೊಳವೆಗೆ ಬಿಗಿಯುತ್ತಿದ್ದರು, ತೊಂದರೆಯಿರಲಿಲ್ಲ. ಹ್ಯಾಮ್ ಹವ್ಯಾಸಿ ಕೈರೇಡಿಯೋದವರ ಜೊತೆ ಮಾತಾಡಲು ಅದೇ ಆಕಾರದ ಯಾಗಿಯನ್ನು ಅದೇ ರೀತಿ ನಡುವಿನಲ್ಲಿ ಬಿಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಏಕೆ?

ಉತ್ತರ ಸರಳುಗಳು ಇರುವ ಭಂಗಿಯಲ್ಲಿದೆ. ದೂರದರ್ಶನದ ಅಲೆ ಅಡ್ಡಲಾಗಿ ತುಯ್ಯುತ್ತಿತ್ತು, ಅದಕ್ಕೆ ಆ ಸರಳುಗಳು ಮಲಗಿದ್ದವು. ಕೈರೇಡಿಯೋದ ಆಂಟೆನಾ ನೆಟ್ಟಗೆ ನಿಂತಿರುತ್ತದೆ, ಅದರ ಅಲೆ ಮೇಲೆ-ಕೆಳಗೆ ತುಯ್ಯುತ್ತದೆ. ಅದನ್ನು ಹಿಡಿಯಲು ಯಾಗಿಯ ಸರಳುಗಳೂ ನೆಟ್ಟಗೆ ನಿಲ್ಲಬೇಕು. ಈಗ ಕಂಬವನ್ನು ನೋಡಿ. ಅದೂ ನೆಟ್ಟಗೆ ನಿಂತಿದೆ! ಮೇಲೆ-ಕೆಳಗೆ ತುಯ್ಯುವ ಅಲೆ ತಾಗಿದೊಡನೆ ಕಂಬದಲ್ಲೂ ವಿದ್ಯುತ್ತು ಮೇಲೆ-ಕೆಳಗೆ ಓಡತೊಡಗುತ್ತದೆ. ಕರೆಯದೆ ಬಂದ ಇನ್ನೊಂದು ಸರಳಿನಂತೆ ಅದು ಮೇಳಕ್ಕೆ ಸೇರಿಬಿಡುತ್ತದೆ. ಅದರ ಉದ್ದವೂ ಲೆಕ್ಕದ್ದಲ್ಲ, ಜಾಗವೂ ಲೆಕ್ಕದ್ದಲ್ಲ. ತಾಳ ತಪ್ಪುತ್ತದೆ. ಮುಂದೆ ಹೋಗಬೇಕಾದ ಬಲ ಅಕ್ಕಪಕ್ಕಕ್ಕೆ ಸೋರುತ್ತದೆ. ಅಲೆ ಅಡ್ಡಲಾಗಿ ತುಯ್ದರೆ ಮಾತ್ರ ಈ ಕಾಟವಿಲ್ಲ, ಏಕೆಂದರೆ ನಿಂತ ಕಂಬದಲ್ಲಿ ಅಡ್ಡಕ್ಕೆ ಓಡಲು ಜಾಗವೇ ಇಲ್ಲ.

ಹಾಗಾದರೆ ಉಪಾಯವೇನು? ಆಂಟೆನಾ ಚಿಕ್ಕದಾಗಿದ್ದರೆ ಬೆನ್ನುಮೂಳೆಯನ್ನು ಹಿಂದಕ್ಕೆ ಉದ್ದ ಮಾಡಿ, ರಿಫ್ಲೆಕ್ಟರ್‌ನ ಹಿಂದೆ ಕಂಬಕ್ಕೆ ಬಿಗಿಯುತ್ತಾರೆ. ಅಲ್ಲಿ ಅಲೆಯ ಬಲ ಕಡಿಮೆ, ಆದ್ದರಿಂದ ಕಂಬದ ಉಪಟಳವೂ ಕಡಿಮೆ. ಆಂಟೆನಾ ಉದ್ದವಾಗಿದ್ದರೆ ಹೀಗೆ ಒಂದು ತುದಿಯಲ್ಲಿ ಹಿಡಿದಾಗ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆಗ ನಡುವಿನಲ್ಲೇ ಬಿಗಿಯಬೇಕು. ಅದಕ್ಕೆ ಕಂಬದ ಮೇಲಿನ ತುಂಡನ್ನು ಮಾತ್ರ ಫೈಬರ್‌ಗ್ಲಾಸ್‌ನದಾಗಿ ಮಾಡಿ, ಕಬ್ಬಿಣವು ಸರಳುಗಳಿಗಿಂತ ಬಹಳ ಕೆಳಗೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಕೆಲವರು ಕೇಬಲನ್ನು ಮರೆಯುತ್ತಾರೆ. ಅದರ ಒಳಗೂ ಲೋಹವಿದೆಯಲ್ಲ! ಅದನ್ನು ಸರಳುಗಳ ನಡುವೆಯೇ ನೇರ ಕೆಳಗೆ ಇಳಿಬಿಟ್ಟರೆ ಅದೇ ಇನ್ನೊಂದು ಕಂಬವಾಗುತ್ತದೆ. ಬೆನ್ನುಮೂಳೆಯ ಗುಂಟ ಹಿಂದಕ್ಕೆ ತಂದು, ರಿಫ್ಲೆಕ್ಟರ್ ದಾಟಿಸಿ, ಆಮೇಲೆ ಇಳಿಸಬೇಕು.

ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ನಿಮಗೆ ಅನ್ನಿಸಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್-ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿತು. ಆಗ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನುಗಳು ಕೈಕೊಟ್ಟಾಗ ಅವರ ರೇಡಿಯೋ ಸುದ್ದಿ ಮುಟ್ಟಿಸಿತು. ತಮ್ಮವರು ಬದುಕಿದ್ದಾರೆಯೇ ಎಂದು ಕಾದಿದ್ದವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದ್ದೀತು? ಅಂಥ ಹೊತ್ತಿನಲ್ಲಿ ಯಾವುದೋ ಮೂಲೆಯಿಂದ ಒಂದು ಕ್ಷೀಣ ದನಿ ಕರೆಯುತ್ತಿರಬಹುದು. ಆಂಟೆನಾದ ಕಿವಿ ಸೊಟ್ಟಗಿದ್ದರೆ ಆ ದನಿ ಕೇಳಿಸದೆಯೇ ಹೋದೀತು.

ಅಜ್ಜ-ಅಜ್ಜಿಯರೇ, ಇನ್ನು ಮುಂದಿನ ಮಾತು ನಿಮಗೆ. ಮೊಮ್ಮಕ್ಕಳು ಉತ್ಸಾಹದಿಂದ ಜಿ.ಐ. ಪೈಪು ಹೊತ್ತು ತಾರಸಿಗೆ ಹೊರಟರೆ ಮೊದಲು ತಡೆಯಿರಿ. ಕಂಬ ನಿಲ್ಲಿಸುವುದು ತಿಳಿದ ದೊಡ್ಡವರ ಕೆಲಸ, ಒಬ್ಬರ ಕೆಲಸವೂ ಅಲ್ಲ. ಮೊದಲು ಸುತ್ತ ನೋಡಿ, ವಿದ್ಯುತ್ ತಂತಿ ಎಲ್ಲಿದೆ? ಕಂಬ, ಆಂಟೆನಾ ಸೇರಿ 8 ಮೀಟರ್ ಎತ್ತರವಾದರೆ ತಂತಿ ಕನಿಷ್ಠ 12 ಮೀಟರ್ ಆಚೆಗಿರಲಿ. ಕಂಬ ಯಾವ ದಿಕ್ಕಿಗೆ ಬಿದ್ದರೂ, ತಾರಸಿಯಿಂದ ಜಾರಿ ಕೆಳಗೆ ಹೋದರೂ ತಂತಿಗೆ ತಾಗಬಾರದು. ಗಾಳಿಗೆ ಅಲ್ಲಾಡದಂತೆ ಮೂರು ದಿಕ್ಕಿಗೆ ಎಳೆತಂತಿ ಕಟ್ಟಬೇಕು. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಭೂಮಿಗೆ ಅರ್ಥಿಂಗ್ ಮಾಡಿಸಬೇಕು. ಹಾಗೆ ಮಾಡಿಸಿದ ಮೇಲೂ ಗುಡುಗಿನ ಸದ್ದು ಕೇಳಿದರೆ ತಾರಸಿಯಲ್ಲಿ ಯಾರೂ ಇರಬಾರದು, ಕೇಬಲನ್ನು ಮುಟ್ಟಲೂ ಬಾರದು. ಮೋಡ ಕವಿಯುವ ಮೊದಲೇ ಕೇಬಲ್ ಕಳಚಿಡುವುದು ಜಾಣತನ.

ಮಕ್ಕಳೇ, ನಿಮಗೆ ಬೇಸರ ಬೇಡ, ಕೆಳಗೆ ಕೂತು ಮಾಡುವ ಕೆಲಸವೂ ಇದೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಬೆಂಗಳೂರಿನ ಎಫ್.ಎಂ. ರೇನ್‌ಬೋ 101.3ರಲ್ಲಿದೆ. ಅದರ ಅಲೆ ಎಷ್ಟುದ್ದ? ಅರ್ಧ ಅಲೆ ಎಷ್ಟು? ನಿಮ್ಮ ಊರಿನಲ್ಲಿ ಸಿಗುವ ಕೇಂದ್ರಕ್ಕೂ ಲೆಕ್ಕ ಹಾಕಿ. ಆಮೇಲೆ ಬ್ಯಾಟರಿ ರೇಡಿಯೋವೊಂದನ್ನು ಕ್ಷೀಣವಾಗಿ ಕೇಳುವ ಕೇಂದ್ರಕ್ಕೆ ಇಟ್ಟು, ಅದರ ಕಡ್ಡಿಯನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ. ಕಬ್ಬಿಣದ ಬೀರುವಿನ ಹತ್ತಿರಕ್ಕೂ ದೂರಕ್ಕೂ ಒಯ್ದು ಕೇಳಿ. ದನಿ ಎಲ್ಲಿ ತಿಳಿಯಾಯಿತು, ಎಲ್ಲಿ ಕರಕರ ಎಂದಿತು ಎಂಬುದನ್ನು ಅಜ್ಜಿ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಬೀರುವಿಗೂ ಕಿವಿಯುಂಟೇ ಎಂದು ನೀವೇ ತೀರ್ಮಾನಿಸಿ.